ತನ್ನ ಪಾಡಿಗೆ ತಾನಿರುವ ಬೆಕ್ಕಿಗೆ ತಕ್ಕ ಮನೆ ಹುಡುಕುವುದು ಹೇಗೆ?

ಬೀದಿಯಿಂದ ಎತ್ತಿಕೊಂಡು ಬಂದ ಮರಿಗೆ ಮನೆ ಹುಡುಕುವುದು ಅಷ್ಟು ಕಷ್ಟವಲ್ಲ. ತೊಡೆಯೇರಿ ಗುರ್‌ಗುರ್ ಎನ್ನುವ ದೊಡ್ಡ ಬೆಕ್ಕಿಗೂ ಯಾರಾದರೊಬ್ಬರು ಮನಸೋಲುತ್ತಾರೆ. ಕಷ್ಟವಾಗುವುದು ಇನ್ನೊಂದು ಬಗೆಯ ಬೆಕ್ಕಿನ ವಿಷಯದಲ್ಲಿ. ಅದು ಹೆದರಿ ಮಂಚದಡಿ ಅಡಗುವುದಿಲ್ಲ, ಮೈಮೇಲೆ ಎರಗುವುದೂ ಇಲ್ಲ. ನೀವಿರುವ ಕೋಣೆಯಲ್ಲೇ, ಕೈಗೆ ಸಿಗದಷ್ಟು ದೂರದಲ್ಲಿ, ಕಿಟಕಿಯ ಅಂಚಿನ ಮೇಲೆ ಕುಳಿತು ಹೊರಗೆ ನೋಡುತ್ತಿರುತ್ತದೆ. ಊಟದ ಹೊತ್ತಿಗೆ ಬರುತ್ತದೆ, ಕಾಲಿಗೊಮ್ಮೆ ಮೈ ಸವರುತ್ತದೆ, ಎತ್ತಿಕೊಳ್ಳಲು ಬಗ್ಗಿದರೆ ಎದ್ದು ಹೋಗುತ್ತದೆ. ನೋಡಲು ಬಂದವರು ‘ಇದು ಯಾಕೋ ಹತ್ತಿರ ಬರುವುದಿಲ್ಲ’ ಎಂದು ಪಕ್ಕದ ಮರಿಯನ್ನು ಕೊಂಡೊಯ್ಯುತ್ತಾರೆ.

ಇಂಥ ಬೆಕ್ಕನ್ನು ತಾತ್ಕಾಲಿಕವಾಗಿ ಮನೆಯಲ್ಲಿಟ್ಟುಕೊಂಡು ಶಾಶ್ವತ ನೆಲೆ ಹುಡುಕುತ್ತಿರುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಬೆಂಗಳೂರು, ಮೈಸೂರಿನಂಥ ನಗರಗಳನ್ನೂ ಮಲೆನಾಡು, ಕರಾವಳಿಯ ತೋಟದ ಮನೆಗಳನ್ನೂ ಮನಸ್ಸಿನಲ್ಲಿ ಇಟ್ಟುಕೊಂಡಿದ್ದೇನೆ. ನನ್ನ ಮಾತಿನ ತಿರುಳು ಇಷ್ಟು: ಈ ಬೆಕ್ಕಿನಲ್ಲಿ ಕೊರತೆಯೇನೂ ಇಲ್ಲ. ಅದನ್ನು ಬದಲಾಯಿಸಲು ಹೊರಡುವ ಮನೆ ಬೇಡ. ಅದು ಇರುವ ಹಾಗೆಯೇ ಇದ್ದರೆ ಸಾಕು ಎನ್ನುವ ಮನೆ ಬೇಕು. ಅಂಥ ಮನೆಗಳು ನಾವು ಅಂದುಕೊಂಡದ್ದಕ್ಕಿಂತ ಹೆಚ್ಚಾಗಿಯೇ ಇವೆ. ಬೆಕ್ಕಿನ ನಿಜವಾದ ಸ್ವಭಾವವನ್ನು ನಾವು ಮುಚ್ಚಿಡುವುದರಿಂದ ಅವರಿಗೆ ಅದರ ಸುದ್ದಿ ತಲುಪುವುದಿಲ್ಲ.

ಮೊದಲ ಹೆಜ್ಜೆ: ಸ್ವಭಾವವೋ, ಭಯವೋ, ನೋವೋ?

ದೂರವಿರುವ ಬೆಕ್ಕುಗಳೆಲ್ಲ ಒಂದೇ ಕಾರಣಕ್ಕೆ ದೂರವಿರುವುದಿಲ್ಲ. ಇದನ್ನು ಬಿಡಿಸಿಕೊಳ್ಳದೆ ಮನೆ ಹುಡುಕಲು ಹೊರಟರೆ ಮುಂದಿನ ಪ್ರತಿ ಹೆಜ್ಜೆಯೂ ತಪ್ಪುತ್ತದೆ.

ಮೊದಲು ನೋವಿನ ಸಾಧ್ಯತೆಯನ್ನು ತಳ್ಳಿಹಾಕಿ. ಒಸಡು ಊದಿಕೊಂಡ, ಹಲ್ಲು ಕೊಳೆತ, ಕಿವಿಯಲ್ಲಿ ನುಸಿ ತುಂಬಿದ, ಸೊಂಟಕ್ಕೆ ಹಳೆಯ ಪೆಟ್ಟು ಬಿದ್ದಿರುವ ಬೆಕ್ಕು ಮುಟ್ಟಿದರೆ ಕಚ್ಚುವುದು ಸಹಜ. ಬೆಕ್ಕುಗಳು ನೋವನ್ನು ಬಚ್ಚಿಡುವುದರಲ್ಲಿ ನಿಸ್ಸೀಮ. ಪಶುವೈದ್ಯರು ಬಾಯಿ ತೆರೆದು ನೋಡಿ, ಕಿವಿ, ಕೀಲುಗಳನ್ನು ಪರೀಕ್ಷಿಸುವವರೆಗೆ ‘ಇದರ ಸ್ವಭಾವವೇ ಹೀಗೆ’ ಎಂದು ತೀರ್ಮಾನಿಸಬೇಡಿ. ಹಲ್ಲಿನ ಚಿಕಿತ್ಸೆಯಾದ ಮೇಲೆ ತಾವಾಗಿ ಮಡಿಲಿಗೆ ಬಂದ ಬೆಕ್ಕುಗಳಿವೆ.

ಎರಡನೆಯದು ಭಯ. ತೆನಾಲಿ ರಾಮಕೃಷ್ಣನ ಬೆಕ್ಕಿನ ಕಥೆ ನಮಗೆಲ್ಲ ಗೊತ್ತು. ಇಲಿಗಳ ಕಾಟ ತಡೆಯಲು ಕೃಷ್ಣದೇವರಾಯ ಮನೆಮನೆಗೆ ಬೆಕ್ಕು ಹಂಚಿದ, ಅದಕ್ಕೆ ಹಾಲುಣಿಸಲು ಹಸುವನ್ನೂ ಕೊಟ್ಟ. ರಾಮಕೃಷ್ಣ ಕುದಿಯುವ ಹಾಲನ್ನೇ ಇಟ್ಟ. ಒಮ್ಮೆ ಬಾಯಿ ಸುಟ್ಟುಕೊಂಡ ಬೆಕ್ಕು ಆಮೇಲೆ ಹಾಲು ಕಂಡರೆ ಓಡುತ್ತಿತ್ತು. ನಗಿಸುವ ಕಥೆಯಾದರೂ ಬೆಕ್ಕಿನ ಮನಸ್ಸನ್ನು ಸರಿಯಾಗಿಯೇ ಹಿಡಿದಿದೆ. ಒಂದೇ ಕೆಟ್ಟ ಅನುಭವ ಅದಕ್ಕೆ ಬಹುಕಾಲ ನೆನಪಿರುತ್ತದೆ. ಹೆದರಿದ ಬೆಕ್ಕು ನೀವಿರುವಾಗ ಉಣ್ಣುವುದಿಲ್ಲ, ಗೋಡೆಯಂಚಿನಲ್ಲಿ ಮೈ ಕುಗ್ಗಿಸಿಕೊಂಡು ನಡೆಯುತ್ತದೆ, ಕಣ್ಣಪಾಪೆ ಬೆಳಕಿನಲ್ಲೂ ಅಗಲವಾಗಿರುತ್ತದೆ, ಬಾಲ ಹೊಟ್ಟೆಯಡಿ ಸೇರಿರುತ್ತದೆ. ಇಂಥದ್ದಕ್ಕೆ ವಾರಗಟ್ಟಲೆ ತಾಳ್ಮೆ ಬೇಕು; ಮನೆ ಹುಡುಕುವ ಕೆಲಸ ಆಮೇಲೆ.

ಮೂರನೆಯದು, ಮನುಷ್ಯರ ಒಡನಾಟವೇ ಇಲ್ಲದೆ ಬೆಳೆದ ಕಾಡುಸ್ವಭಾವದ ಬೆಕ್ಕು. ಮರಿಗಳು ಮನುಷ್ಯರನ್ನು ತಮ್ಮವರೆಂದು ಕಲಿಯುವ ಕಾಲ ಹುಟ್ಟಿದ ಎರಡನೆಯ ವಾರದಿಂದ ಸುಮಾರು ಏಳನೆಯ ವಾರದವರೆಗೆ. ಆ ಅವಧಿಯಲ್ಲಿ ಮನುಷ್ಯರ ಕೈ ಸೋಕದೆ ದೊಡ್ಡದಾದ ಬೆಕ್ಕಿಗೆ ನಾಲ್ಕು ಗೋಡೆಯ ಮನೆ ಸೆರೆಮನೆಯೇ. ಅದಕ್ಕೆ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿ, ಲಸಿಕೆ ಹಾಕಿಸಿ, ಅದು ಬದುಕಿದ್ದ ಜಾಗಕ್ಕೇ ಮರಳಿಸುವುದು ಸರಿಯಾದ ದಾರಿ. ಇಂಥ ಬೆಕ್ಕುಗಳ ಕಿವಿಯ ತುದಿಯನ್ನು ನೇರವಾಗಿ ಸ್ವಲ್ಪ ಕತ್ತರಿಸಿ ಗುರುತು ಮಾಡುವ ರೂಢಿಯಿದೆ.

ನಮ್ಮ ವಿಷಯದ ಬೆಕ್ಕು ಈ ಮೂರೂ ಅಲ್ಲ. ಅದು ಬಾಲವನ್ನು ನೆಟ್ಟಗೆ ನಿಲ್ಲಿಸಿಕೊಂಡು ಕೋಣೆಯ ನಡುವೆ ನಡೆಯುತ್ತದೆ. ನಿಮ್ಮೆದುರೇ ಉಣ್ಣುತ್ತದೆ, ನಿಮ್ಮೆದುರೇ ಮೈ ನೆಕ್ಕಿಕೊಂಡು ಮಲಗುತ್ತದೆ. ನಿಮ್ಮ ಬಗ್ಗೆ ಅದಕ್ಕೆ ಭಯವಿಲ್ಲ. ಕೈಯ ಅಗತ್ಯ ಮಾತ್ರ ಕಡಿಮೆ.

ಎರಡನೆಯ ಹೆಜ್ಜೆ: ಒಂದು ನೋಟ್‌ಬುಕ್ ಇಡಿ

ನೆನಪನ್ನು ನಂಬಬೇಡಿ, ಪ್ರೀತಿ ನೆನಪನ್ನು ಸಿಹಿಯಾಗಿಸಿಬಿಡುತ್ತದೆ. ಎರಡು ಮೂರು ವಾರ ದಿನವೂ ನಾಲ್ಕು ಸಾಲು ಬರೆದಿಡಿ. ಯಾವ ಹೊತ್ತಿನಲ್ಲಿ ತಾನಾಗಿ ಹತ್ತಿರ ಬಂದಿತು? ಎಲ್ಲಿ ಮುಟ್ಟಿದರೆ ಸುಮ್ಮನಿದ್ದಿತು? ಹೆಚ್ಚಿನ ಬೆಕ್ಕುಗಳಿಗೆ ಕೆನ್ನೆ, ಗದ್ದ, ಕಿವಿಯ ಬುಡ ಇಷ್ಟ. ಹೊಟ್ಟೆ ಮತ್ತು ಬಾಲದ ಬುಡ ಇಷ್ಟವಿಲ್ಲ. ಎಷ್ಟು ಹೊತ್ತು ಸವರಬಹುದು ಎಂಬುದನ್ನು ವಿಶೇಷವಾಗಿ ಗಮನಿಸಿ. ಸಾಕೆನಿಸಿದ ಬೆಕ್ಕು ಕಚ್ಚುವ ಮೊದಲು ಸೂಚನೆ ಕೊಡುತ್ತದೆ: ಬಾಲದ ತುದಿ ಬಡಿಯತೊಡಗುತ್ತದೆ, ಬೆನ್ನಿನ ಚರ್ಮ ಅದುರುತ್ತದೆ, ಕಿವಿ ಪಕ್ಕಕ್ಕೆ ತಿರುಗುತ್ತದೆ, ಗುರ್‌ಗುರ್ ಸದ್ದು ನಿಲ್ಲುತ್ತದೆ. ‘ಇದ್ದಕ್ಕಿದ್ದಂತೆ ಕಚ್ಚಿತು’ ಎಂದು ಜನ ಹೇಳುವ ಹೆಚ್ಚಿನ ಸಂದರ್ಭಗಳಲ್ಲಿ ಈ ಸೂಚನೆಗಳನ್ನು ಯಾರೂ ನೋಡಿರುವುದಿಲ್ಲ. ನಿಮ್ಮ ಬೆಕ್ಕಿನ ಮೊದಲ ಸೂಚನೆ ಯಾವುದು ಎಂದು ಹೇಳಬಲ್ಲಿರಾದರೆ ಮುಂದೆ ಸಾಕುವವರಿಗೆ ಅದಕ್ಕಿಂತ ದೊಡ್ಡ ಉಪಕಾರವಿಲ್ಲ.

ಸದ್ದುಗಳನ್ನೂ ಬರೆಯಿರಿ. ಮಿಕ್ಸಿ, ಕುಕ್ಕರ್ ಸೀಟಿ, ಕರೆಗಂಟೆ, ಬೀದಿ ನಾಯಿಯ ಬೊಗಳು, ಮಕ್ಕಳ ಓಟ ಇವುಗಳಲ್ಲಿ ಯಾವುದಕ್ಕೆ ಓಡುತ್ತದೆ, ಓಡಿದರೆ ಎಷ್ಟು ಹೊತ್ತಿಗೆ ಮರಳುತ್ತದೆ? ನಿಮಿಷಗಳಲ್ಲಿ ಮರಳುವ ಬೆಕ್ಕು ನಾಲ್ಕು ಜನರಿರುವ ಮನೆಯಲ್ಲೂ ಬದುಕಬಲ್ಲದು. ರಾತ್ರಿಯವರೆಗೂ ಹೊರಬರದ ಬೆಕ್ಕಿಗೆ ಸದ್ದಿಲ್ಲದ ಮನೆಯೇ ಬೇಕು. ಬೇರೆ ಬೆಕ್ಕುಗಳ ಜೊತೆ ಹೇಗಿದೆ ಎಂಬುದೂ ಮುಖ್ಯ. ಮನುಷ್ಯರ ಕೈಗೆ ಸಿಗದ ಬೆಕ್ಕು ಇನ್ನೊಂದು ಬೆಕ್ಕಿನ ಮೈಗೊರಗಿ ಮಲಗುವುದುಂಟು. ಹಾಗಿದ್ದರೆ ಒಂಟಿಯಾಗಿ ಕಳುಹಿಸದೆ ಜೊತೆಯಲ್ಲೇ ಕಳುಹಿಸಬೇಕು, ಇಲ್ಲವೇ ಸಾಧು ಬೆಕ್ಕೊಂದು ಈಗಾಗಲೇ ಇರುವ ಮನೆ ನೋಡಬೇಕು.

ಮತ್ತೆ, ಹೊರಗಿನ ಸೆಳೆತ. ಬಾಗಿಲ ಬಳಿ ಗಂಟೆಗಟ್ಟಲೆ ಕೂಗುತ್ತದೆಯೋ, ಕಿಟಕಿಯಿಂದ ನೋಡುವುದರಲ್ಲೇ ತೃಪ್ತವೋ? ಅಪಾರ್ಟ್‌ಮೆಂಟೋ ತೋಟದ ಮನೆಯೋ ಎಂಬ ತೀರ್ಮಾನಕ್ಕೆ ಇದೇ ಆಧಾರ.

ಮೂರನೆಯ ಹೆಜ್ಜೆ: ಆರೋಗ್ಯದ ಕೆಲಸಗಳು

ಇವನ್ನು ಬೆಕ್ಕು ನಿಮ್ಮ ಕೈಯಲ್ಲಿರುವಾಗಲೇ ಮುಗಿಸಿ. ಮೂರು ಕಾಯಿಲೆಗಳ ವಿರುದ್ಧದ ಸಂಯುಕ್ತ ಲಸಿಕೆಯನ್ನು, ಹಿಂದಿನ ಇತಿಹಾಸ ತಿಳಿಯದ ದೊಡ್ಡ ಬೆಕ್ಕಿಗೆ, ಮೂರು ನಾಲ್ಕು ವಾರಗಳ ಅಂತರದಲ್ಲಿ ಎರಡು ಬಾರಿ ಹಾಕಿಸಬೇಕು. ಇವುಗಳಲ್ಲಿ ಪ್ಯಾನ್‌ಲ್ಯೂಕೋಪೀನಿಯ ಮಾರಕವಾದದ್ದು. ಅದರ ವೈರಸ್ ನೆಲ, ಬಟ್ಟೆ, ತಟ್ಟೆಗಳ ಮೇಲೆ ತಿಂಗಳುಗಟ್ಟಲೆ ಉಳಿಯುತ್ತದೆ. ರೇಬೀಸ್ ಲಸಿಕೆ, ಜಂತುಹುಳು ಮತ್ತು ಚಿಗಟಗಳಿಗೆ ಔಷಧ, ಬೆಕ್ಕಿನ ರೋಗನಿರೋಧಕ ಶಕ್ತಿ ಕುಗ್ಗಿಸುವ ಎಫ್‌ಐವಿ ಹಾಗೂ ಎಫ್‌ಇಎಲ್‌ವಿ ವೈರಸ್‌ಗಳಿಗಾಗಿ ರಕ್ತಪರೀಕ್ಷೆ ಆಗಿರಲಿ. ನಾಯಿಗಳ ಉಣ್ಣೆಗೆ ಹಾಕುವ, ಪರ್ಮೆಥ್ರಿನ್ ಇರುವ ಔಷಧ ಬೆಕ್ಕಿಗೆ ವಿಷ ಎಂಬುದನ್ನು ಮುಂದೆ ಸಾಕುವವರಿಗೂ ಹೇಳಿಡಿ.

ಸಂತಾನಹರಣ ಶಸ್ತ್ರಚಿಕಿತ್ಸೆ ಆಗದೆ ಬೆಕ್ಕನ್ನು ಕಳುಹಿಸಲೇಬೇಡಿ. ‘ನಾವೇ ಮಾಡಿಸುತ್ತೇವೆ’ ಎಂಬ ಮಾತು ಒಳ್ಳೆಯ ಮನಸ್ಸಿನಿಂದಲೇ ಬಂದಿರಬಹುದು. ಆದರೆ ಬೆಕ್ಕಿನ ಗರ್ಭಾವಧಿ ಸುಮಾರು ಒಂಬತ್ತು ವಾರ ಮಾತ್ರ, ಮರಿಗಳಿಗೆ ಹಾಲೂಡುತ್ತಿರುವಾಗಲೇ ಮತ್ತೆ ಗರ್ಭ ಕಟ್ಟಬಲ್ಲದು. ಖಾಸಗಿ ಆಸ್ಪತ್ರೆಯ ಖರ್ಚು ಹೆಚ್ಚೆನಿಸಿದರೆ ಸರ್ಕಾರಿ ಪಶು ಆಸ್ಪತ್ರೆಗಳಲ್ಲಿ, ಬೆಂಗಳೂರಿನವರಾದರೆ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆಯಲ್ಲಿ, ಪ್ರಾಣಿದಯಾ ಸಂಸ್ಥೆಗಳಲ್ಲಿ ವಿಚಾರಿಸಿ.

ನಾಲ್ಕನೆಯ ಹೆಜ್ಜೆ: ಎಂಥ ಮನೆ ಎಂದು ಮೊದಲೇ ಬರೆದುಕೊಳ್ಳಿ

ಜನ ಕರೆ ಮಾಡತೊಡಗಿದ ಮೇಲೆ ಅಲ್ಲ, ಅದಕ್ಕೂ ಮೊದಲು. ಎದುರಿಗಿರುವವರು ಮೃದುವಾಗಿ ಮಾತನಾಡಿದರೆ ನಮ್ಮ ಷರತ್ತುಗಳು ಒಂದೊಂದಾಗಿ ಸಡಿಲವಾಗುತ್ತವೆ.

ತನ್ನ ಪಾಡಿಗಿರುವ ಬೆಕ್ಕಿಗೆ ಚೆನ್ನಾಗಿ ಒಗ್ಗುವುದು ದಿನಚರಿ ಬದಲಾಗದ ಮನೆ. ಮನೆಯಿಂದಲೇ ಕೆಲಸ ಮಾಡುವ ಒಬ್ಬಂಟಿಗರು, ಓದು ಬರಹದಲ್ಲಿ ತೊಡಗಿರುವವರು, ಮಕ್ಕಳು ದೊಡ್ಡವರಾಗಿ ಹೊರಟುಹೋದ ದಂಪತಿ ಇವರ ಮನೆಗಳಲ್ಲಿ ಇಂಥ ಬೆಕ್ಕು ಅರಳುವುದನ್ನು ನೋಡಬೇಕು. ನಿವೃತ್ತರ ಮನೆ ಒಳ್ಳೆಯದೇ, ಆದರೆ ಮಧುಮೇಹ ಇರುವವರು, ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರು ಇದ್ದರೆ ಪರಚುವ ಅಭ್ಯಾಸದ ಬಗ್ಗೆ ಮುಚ್ಚುಮರೆಯಿಲ್ಲದೆ ಹೇಳಿ. ಆರೇಳು ವರ್ಷದೊಳಗಿನ ಮಕ್ಕಳಿರುವ ಮನೆಗೆ ನಾನು ಇಂಥ ಬೆಕ್ಕನ್ನು ಕೊಡುವುದಿಲ್ಲ. ಮಕ್ಕಳದ್ದಾಗಲಿ ಬೆಕ್ಕಿನದ್ದಾಗಲಿ ತಪ್ಪಿರುವುದಿಲ್ಲ, ಮಗುವಿಗೆ ಅಪ್ಪಿಕೊಳ್ಳುವ ಬೆಕ್ಕು ಬೇಕು ಅಷ್ಟೇ. ಹದಿಹರೆಯದವರಿರುವ ಮನೆ ಪರವಾಗಿಲ್ಲ. ಪೇಯಿಂಗ್ ಗೆಸ್ಟ್ ಕೋಣೆಗಳು, ಆರು ತಿಂಗಳಿಗೊಮ್ಮೆ ಊರು ಬದಲಿಸುವ ಕೆಲಸದವರು ಬೇಡ.

ನಮ್ಮಲ್ಲಿ ಮಾತ್ರ ಕೇಳಬೇಕಾದ ಒಂದು ವಿಷಯ ಊಟದ್ದು. ಬೆಕ್ಕು ಮಾಂಸಾಹಾರಿ. ಟಾರಿನ್ ಎಂಬ ಅಮೈನೊ ಆಮ್ಲವನ್ನು ಅದರ ದೇಹ ಸಾಕಷ್ಟು ತಯಾರಿಸಲಾರದು. ಅದು ಮಾಂಸ, ಮೀನಿನಿಂದಲೇ ಸಿಗಬೇಕು. ಟಾರಿನ್ ಕೊರತೆಯಾದರೆ ಕಣ್ಣಿನ ಅಕ್ಷಿಪಟಲ ಹಾಳಾಗುತ್ತದೆ, ಹೃದಯದ ಸ್ನಾಯು ಸೋಲುತ್ತದೆ. ಹೃದಯಕ್ಕೂ ಟಾರಿನ್‌ಗೂ ಇರುವ ನಂಟು 1987ರಲ್ಲಿ ಪ್ರಕಟವಾದ ಸಂಶೋಧನೆಯಿಂದ ಸ್ಪಷ್ಟವಾಯಿತು. ಮೊಸರನ್ನ, ಹಾಲನ್ನದಲ್ಲಿ ಬೆಕ್ಕು ಬದುಕಿದಂತೆ ಕಂಡರೂ ಒಳಗೊಳಗೇ ಸೊರಗುತ್ತದೆ. ಇನ್ನು ಬರಿಯ ಹಾಲು ದೊಡ್ಡ ಬೆಕ್ಕುಗಳಲ್ಲಿ ಹೆಚ್ಚಿನವಕ್ಕೆ ಅರಗುವುದೇ ಇಲ್ಲ. ಹಾಗೆಂದು ಸಸ್ಯಾಹಾರಿಗಳ ಮನೆಯನ್ನು ತಳ್ಳಿಹಾಕಬೇಕಿಲ್ಲ. ಅಂಗಡಿಯಲ್ಲಿ ಸಿಗುವ, ಬೆಕ್ಕಿಗೆಂದೇ ತಯಾರಿಸಿದ ಒಣ ಆಹಾರವನ್ನು ಮನೆಯೊಳಗೆ ಇಡಲು ಒಪ್ಪುವ ಎಷ್ಟೋ ಸಸ್ಯಾಹಾರಿ ಕುಟುಂಬಗಳಿವೆ. ಅಡುಗೆಮನೆಗೆ ಬೆಕ್ಕು ಬಂದರೆ ಮನೆಯ ಹಿರಿಯರು ಏನನ್ನುತ್ತಾರೆ ಎಂಬುದನ್ನು ಹಿರಿಯರ ಬಾಯಿಂದಲೇ ಕೇಳಿಸಿಕೊಳ್ಳಿ.

ತೋಟದ ಮನೆ, ಎಸ್ಟೇಟ್, ಗೋದಾಮು

ಹೊರಗಿನ ಸೆಳೆತ ಬಲವಾಗಿರುವ ಗಟ್ಟಿಮುಟ್ಟಾದ ಬೆಕ್ಕಿಗೆ ಅಡಿಕೆ ತೋಟದ ಮನೆಯೋ ಕಾಫಿ ಎಸ್ಟೇಟೋ ಸ್ವರ್ಗವಾಗಬಹುದು. ಕಣಜ, ಕೊಟ್ಟಿಗೆ, ಅಡಿಕೆ ಮೂಟೆಗಳಿರುವಲ್ಲಿ ಇಲಿಯ ಕಾಟ ಇದ್ದದ್ದೇ. ಬೆಕ್ಕು ಬೇಕೆನ್ನುವವರೂ ಇದ್ದಾರೆ. ಇಲ್ಲಿ ಬೆಕ್ಕನ್ನು ಯಾರೂ ಎತ್ತಿ ಮುದ್ದಾಡಲು ಕಾಯುವುದಿಲ್ಲ, ಆದ್ದರಿಂದ ಅದರ ಸ್ವಭಾವ ಯಾರಿಗೂ ಕೊರತೆಯಾಗಿ ಕಾಣುವುದಿಲ್ಲ. ನಗರದ ನಾವು ‘ಇಲಿ ಹಿಡಿಯಲು ಬೆಕ್ಕು ಕೇಳುತ್ತಾರೆ’ ಎಂದು ಮೂಗು ಮುರಿಯುವುದು ಸರಿಯಲ್ಲ. ಕೇಳುವವರ ಮನಸ್ಸಿನಲ್ಲಿ ಬೆಕ್ಕಿನ ಯೋಗಕ್ಷೇಮವೂ ಇದೆಯೋ ಎಂಬುದನ್ನು ಮಾತ್ರ ನೋಡಬೇಕು.

ಅದನ್ನು ಅಳೆಯಲು ಕೆಲವು ಪ್ರಶ್ನೆಗಳಿವೆ. ದಿನಕ್ಕೆ ಎರಡು ಹೊತ್ತು ಊಟ ಕೊಡುತ್ತೀರಾ? ‘ಹೊಟ್ಟೆ ತುಂಬಿದರೆ ಇಲಿ ಹಿಡಿಯುವುದಿಲ್ಲ’ ಎಂಬ ನಂಬಿಕೆ ಹಳ್ಳಿಗಳಲ್ಲಿ ಗಟ್ಟಿಯಾಗಿದೆ, ಆದರೆ ಅದು ನಿಜವಲ್ಲ. ಬೇಟೆಯ ತುಡಿತ ಹಸಿವಿನಿಂದ ಬೇರೆಯೇ. ಹೊಟ್ಟೆ ತುಂಬಿದ ಬೆಕ್ಕೂ ಬೇಟೆಯಾಡುತ್ತದೆ. ಹಸಿದ ಬೆಕ್ಕು ಊಟ ಹುಡುಕುತ್ತಾ ನೆರೆಮನೆಗೆ, ರಸ್ತೆಗೆ ಹೋಗಿಬಿಡುತ್ತದೆ. ಎರಡನೆಯ ಪ್ರಶ್ನೆ ವಿಷದ್ದು. ಜಿಂಕ್ ಫಾಸ್ಫೈಡ್, ಬ್ರೋಮಾಡಿಯೊಲೋನ್‌ನಂಥ ಇಲಿಪಾಷಾಣ ಇಡುವ ಜಾಗದಲ್ಲಿ ವಿಷ ತಿಂದ ಇಲಿಯನ್ನು ತಿಂದು ಬೆಕ್ಕೂ ಸಾಯಬಹುದು. ಬೆಕ್ಕು ಬೇಕೋ ಪಾಷಾಣ ಬೇಕೋ, ಎರಡರಲ್ಲಿ ಒಂದು. ತಮ್ಮ ತೋಟದಲ್ಲಿ ನಿಲ್ಲಿಸಿದರೆ ಸಾಲದು, ಬೇಲಿಯಾಚೆಯವರ ಅಭ್ಯಾಸವೂ ತಿಳಿದಿರಬೇಕು. ಅಂಟುಹಾಳೆ, ಹಂದಿಗೆ ಒಡ್ಡುವ ಉರುಳು, ಕಟ್ಟಿಹಾಕದ ನಾಯಿಗಳು, ಕಟ್ಟೆಯಿಲ್ಲದ ಬಾವಿ ಇವುಗಳ ಬಗ್ಗೆಯೂ ಕೇಳಿ. ರಾತ್ರಿ ಒಳಗೆ ಮಲಗಲು ಜಾಗವಿರಬೇಕು. ಮಲೆನಾಡಿನ ಮಳೆಗಾಲದಲ್ಲಿ ಜಗಲಿ ಸಾಲದು. ಕಾಡಿನ ಅಂಚಿಗೇ ಅಂಟಿಕೊಂಡಿರುವ ಮನೆಗಳಿಗೆ ಬೆಕ್ಕು ಕಳುಹಿಸುವುದನ್ನು ನಾನು ಒಪ್ಪುವುದಿಲ್ಲ. ಅಲ್ಲಿ ಚಿರತೆ ಬೆಕ್ಕಿಗೆ ಅಪಾಯ, ನಮ್ಮ ಬೆಕ್ಕು ಅಲ್ಲಿನ ಹಕ್ಕಿ, ಓತಿ, ಕಾಡುಬೆಕ್ಕುಗಳಿಗೆ ಅಪಾಯ.

ಐದನೆಯ ಹೆಜ್ಜೆ: ಬೆಕ್ಕನ್ನು ಇದ್ದ ಹಾಗೆ ಬಣ್ಣಿಸಿ

‘ತುಂಬಾ ಮುದ್ದಾದ, ಪ್ರೀತಿಯ ಬೆಕ್ಕು’ ಎಂದು ಬರೆದರೆ ಮುದ್ದಾಡಲು ಬಯಸುವವರೇ ಬರುತ್ತಾರೆ, ನಿರಾಶರಾಗಿ ಹಿಂದಿರುಗುತ್ತಾರೆ. ‘ಸ್ವಲ್ಪ ದಿನದಲ್ಲಿ ಹೊಂದಿಕೊಳ್ಳುತ್ತದೆ’ ಎಂಬ ಸಾಲಂತೂ ಇನ್ನೂ ಕೆಟ್ಟದ್ದು. ಅದು ಬೆಕ್ಕಿನ ಪರವಾಗಿ ನೀವು ಕೊಡುವ, ಬೆಕ್ಕು ಎಂದೂ ಒಪ್ಪಿಕೊಳ್ಳದ ಮಾತು. ನೋಟ್‌ಬುಕ್ ತೆರೆದು, ಕಂಡದ್ದನ್ನೇ ಬರೆಯಿರಿ. ಮಾದರಿಗೆ:

‘ಸುಮಾರು ಮೂರು ವರ್ಷದ ಹೆಣ್ಣು ಬೆಕ್ಕು, ಬೂದು ಪಟ್ಟೆ. ಶಸ್ತ್ರಚಿಕಿತ್ಸೆ, ಲಸಿಕೆ ಆಗಿವೆ. ಬೆಳಿಗ್ಗೆ ನೀವು ಕಾಫಿ ಕುಡಿಯುವಾಗ ಎದುರಿನ ಕುರ್ಚಿಯಲ್ಲಿ ಕೂರುತ್ತದೆ. ಕೆನ್ನೆ ಸವರಿದರೆ ಖುಷಿ. ಎತ್ತಿಕೊಂಡರೆ ಇಷ್ಟವಾಗುವುದಿಲ್ಲ, ಪರಚಬಹುದು. ಬಾಲದ ತುದಿ ಬಡಿದರೆ ಕೈ ತೆಗೆಯಬೇಕು. ಮರಳಿನ ಟ್ರೇ ತಪ್ಪದೆ ಬಳಸುತ್ತದೆ, ಸಾಮಾನು ಕೆಡಿಸುವುದಿಲ್ಲ. ಹಗಲಿಡೀ ತನ್ನ ಪಾಡಿಗೆ ಇರುತ್ತದೆ. ಸದ್ದು ಕಡಿಮೆ ಇರುವ, ಚಿಕ್ಕ ಮಕ್ಕಳಿಲ್ಲದ ಮನೆ ಬೇಕು. ತೊಡೆಯ ಮೇಲೆ ಮಲಗುವ ಬೆಕ್ಕು ಬೇಕಾದವರಿಗೆ ಇದು ಸೂಕ್ತವಲ್ಲ.’

ಕೊನೆಯ ಸಾಲು ಬರೆಯಲು ಕೈ ಹಿಂಜರಿಯುತ್ತದೆ. ಆದರೂ ಬರೆಯಿರಿ. ಕರೆಗಳು ಕಡಿಮೆಯಾಗುತ್ತವೆ, ಬರುವ ಕರೆಗಳು ಸರಿಯಾದವರದ್ದಾಗಿರುತ್ತವೆ. ಫೋಟೊದಲ್ಲೂ ಅದೇ ಪ್ರಾಮಾಣಿಕತೆ ಇರಲಿ: ಯಾರದೋ ಕೈಯಲ್ಲಿ ಒದ್ದಾಡುತ್ತಿರುವುದಲ್ಲ, ತನ್ನ ಮೆಚ್ಚಿನ ಕಿಟಕಿಯಲ್ಲಿ ಕುಳಿತಿರುವುದು. ಕಪ್ಪು ಬೆಕ್ಕಾದರೆ ಹಗಲು ಬೆಳಕಿನಲ್ಲಿ, ತಿಳಿ ಬಣ್ಣದ ಹಿನ್ನೆಲೆಯಲ್ಲಿ ತೆಗೆಯಿರಿ. ಇಲ್ಲವಾದರೆ ಕಣ್ಣೆರಡೇ ಕಾಣುತ್ತವೆ.

ಪ್ರಕಟಣೆಯನ್ನು ಪಶುವೈದ್ಯರ ಚಿಕಿತ್ಸಾಲಯಗಳ ಫಲಕ, ಬಡಾವಣೆಯ ಮತ್ತು ಅಪಾರ್ಟ್‌ಮೆಂಟಿನ ವಾಟ್ಸ್‌ಆ್ಯಪ್ ಗುಂಪು, ಬೆಂಗಳೂರಿನ ಕ್ಯೂಪಾದಂಥ ಪ್ರಾಣಿದಯಾ ಸಂಸ್ಥೆಗಳ ದತ್ತು ವಿಭಾಗ ಇಲ್ಲೆಲ್ಲ ಹಂಚಬಹುದು. ಈಗಾಗಲೇ ಬೆಕ್ಕು ಸಾಕಿ ಬಲ್ಲವರ ಬಾಯಿಮಾತು ಇವೆಲ್ಲಕ್ಕಿಂತ ಮೇಲು.

ಆರನೆಯ ಹೆಜ್ಜೆ: ಮಾತುಕತೆ ಮತ್ತು ಮನೆಭೇಟಿ

ಹೌದು ಅಥವಾ ಇಲ್ಲ ಎಂದು ಮುಗಿಸಬಹುದಾದ ಪ್ರಶ್ನೆಗಳಿಂದ ಏನೂ ತಿಳಿಯುವುದಿಲ್ಲ. ‘ಬೆಕ್ಕು ಅಂದರೆ ಇಷ್ಟವೇ?’ ಎಂದರೆ ಎಲ್ಲರೂ ಹೌದೆನ್ನುತ್ತಾರೆ. ‘ಹಿಂದೆ ಸಾಕಿದ್ದ ಬೆಕ್ಕಿನ ಬಗ್ಗೆ ಹೇಳುತ್ತೀರಾ?’ ಎಂದು ಕೇಳಿ ಸುಮ್ಮನಿರಿ. ಅದು ಯಾವ ಮೂಲೆಯಲ್ಲಿ ಮಲಗುತ್ತಿತ್ತು, ಏನು ಕಾಯಿಲೆ ಬಂತು ಎಂದೆಲ್ಲ ತಾವಾಗಿ ಹೇಳುವವರು ಬೆಕ್ಕನ್ನು ನೋಡಿದವರು. ಇನ್ನೂ ಕೆಲವು ಪ್ರಶ್ನೆಗಳು: ‘ಆರು ತಿಂಗಳಾದರೂ ಅದು ನಿಮ್ಮ ಪಕ್ಕ ಬಂದು ಕೂರದಿದ್ದರೆ ನಿಮಗೆ ಹೇಗನಿಸುತ್ತದೆ?’ ‘ಹಬ್ಬಕ್ಕೆ, ಮದುವೆಗೆ ಊರಿಗೆ ಹೋದಾಗ ಯಾರು ನೋಡಿಕೊಳ್ಳುತ್ತಾರೆ?’ ‘ಮನೆ ಬದಲಿಸಬೇಕಾಗಿ ಬಂದರೆ?’ ಮೊದಲ ಪ್ರಶ್ನೆಗೆ ‘ಪರವಾಗಿಲ್ಲ ಬಿಡಿ, ಅದು ಮನೆಯಲ್ಲಿ ಓಡಾಡಿಕೊಂಡಿದ್ದರೆ ಸಾಕು’ ಎನ್ನುವವರು ನೀವು ಹುಡುಕುತ್ತಿರುವವರು. ‘ನಾನು ಪ್ರೀತಿಯಿಂದ ಸರಿಮಾಡುತ್ತೇನೆ’ ಎನ್ನುವವರ ಪ್ರೀತಿಯನ್ನು ನಾನು ಅನುಮಾನಿಸುವುದಿಲ್ಲ, ಆದರೆ ಅವರಿಗೆ ಬೇರೆ ಬೆಕ್ಕನ್ನು ತೋರಿಸುತ್ತೇನೆ.

ಬಾಡಿಗೆ ಮನೆಯವರಾದರೆ ಮನೆಯ ಮಾಲೀಕರ ಒಪ್ಪಿಗೆ ಬರಹದಲ್ಲಿರಲಿ. ಅಪಾರ್ಟ್‌ಮೆಂಟಿನ ನಿವಾಸಿಗಳ ಸಂಘ ಸಾಕುಪ್ರಾಣಿಗಳನ್ನೇ ನಿಷೇಧಿಸುವಂತಿಲ್ಲ ಎಂದು ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿಯ 2015ರ ಮಾರ್ಗಸೂಚಿ ಹೇಳುತ್ತದೆ. ಮಾಲೀಕರ ಮನಸ್ತಾಪ ಬೇರೆಯ ವಿಷಯ. ಬೆಕ್ಕು ಬೀದಿಗೆ ಬರುವುದು ಹೆಚ್ಚಾಗಿ ಮನೆ ಖಾಲಿಮಾಡುವ ಹೊತ್ತಿನಲ್ಲಿ.

ಕೆಲವು ಬೇಡಿಕೆಗಳಿಗೆ ಕಾರಣ ವಿವರಿಸದೆ ಇಲ್ಲ ಎನ್ನಬಹುದು. ಹುಟ್ಟುಹಬ್ಬದ ಉಡುಗೊರೆಗೆ, ನೋಡದೆಯೇ ಚಾಲಕನನ್ನು ಕಳುಹಿಸುತ್ತೇನೆ ಎನ್ನುವವರಿಗೆ, ಉಗುರು ತೆಗೆಸಿ ಕೊಡಿ ಎನ್ನುವವರಿಗೆ, ಅಮಾವಾಸ್ಯೆಯ ಮುಂಚೆ ಅಚ್ಚ ಕಪ್ಪು ಬೆಕ್ಕೇ ಬೇಕೆಂದು ಅವಸರಪಡಿಸುವವರಿಗೆ.

ಮಾತು ಸರಿಹೋದರೆ ಮನೆ ನೋಡಿ ಬನ್ನಿ. ತಪಾಸಣೆಗೆ ಬಂದವರಂತೆ ನಡೆದುಕೊಳ್ಳಬೇಡಿ. ಬೆಕ್ಕಿನ ಕಣ್ಣಿನಿಂದ ಮನೆ ನೋಡಲು ಅವರಿಗೂ ಕಲಿಸಿ. ನಮ್ಮ ಕಿಟಕಿಗಳ ಕಬ್ಬಿಣದ ಸರಳುಗಳು ಕಳ್ಳರನ್ನು ತಡೆಯುತ್ತವೆ, ಬೆಕ್ಕನ್ನಲ್ಲ. ತಲೆ ತೂರುವ ಜಾಗದಲ್ಲಿ ಬೆಕ್ಕಿನ ಮೈಯೂ ತೂರುತ್ತದೆ. ಪಾರಿವಾಳಕ್ಕೆಂದು ಕಟ್ಟಿಸಿದ ತೆಳು ನೈಲಾನ್ ಬಲೆಯನ್ನು ಬೆಕ್ಕು ಕಚ್ಚಿ ಹರಿಯಬಲ್ಲದು, ಬಾಲ್ಕನಿಗೆ ಗಟ್ಟಿ ಜಾಲರಿ ಬೇಕು. ಸಂಪಿನ ಮುಚ್ಚಳ ಸದಾ ಮುಚ್ಚಿರಬೇಕು. ನೆಲ ಒರೆಸುವ ಫಿನೈಲ್ ಬದಲಿಸಬೇಕು. ಅದರಲ್ಲಿರುವ ಫೀನಾಲ್ ಜಾತಿಯ ರಾಸಾಯನಿಕಗಳನ್ನು ಬೆಕ್ಕಿನ ಯಕೃತ್ತು ಸರಿಯಾಗಿ ಅರಗಿಸಲಾರದು, ಒದ್ದೆ ನೆಲದಲ್ಲಿ ನಡೆದು ಪಾದ ನೆಕ್ಕಿಕೊಂಡರೆ ವಿಷ ಒಳಸೇರುತ್ತದೆ. ನುಸಿಗುಳಿಗೆ, ಹೂದಾನಿಯ ಲಿಲ್ಲಿ ಹೂವು, ಮೇಜಿನ ಮೇಲೆ ಬಿಟ್ಟ ಪ್ಯಾರಾಸಿಟಮಾಲ್ ಮಾತ್ರೆ ಇವು ಮೂರೂ ಅಪಾಯ. ಪ್ಯಾರಾಸಿಟಮಾಲ್ ಒಂದೇ ಮಾತ್ರೆ ಬೆಕ್ಕನ್ನು ಕೊಲ್ಲಬಲ್ಲದು.

ಅವರು ಬೆಕ್ಕನ್ನು ನೋಡಲು ನಿಮ್ಮಲ್ಲಿಗೆ ಬಂದಾಗ ನೆಲದ ಮೇಲೆ ಕೂರಿಸಿ, ಬೆಕ್ಕಿನ ಕಡೆ ನೋಡದೆ ನಿಮ್ಮೊಂದಿಗೆ ಮಾತನಾಡುತ್ತಿರಲು ಹೇಳಿ. ಬೆಕ್ಕಿನ ಕಣ್ಣಿಗೆ ಕಣ್ಣು ಸಿಕ್ಕರೆ ರೆಪ್ಪೆಯನ್ನು ನಿಧಾನವಾಗಿ ಮುಚ್ಚಿ ತೆರೆಯಬಹುದು. ಹಾಗೆ ಮಾಡುವವರಿಗೆ ಬೆಕ್ಕುಗಳೂ ಅದೇ ರೀತಿ ರೆಪ್ಪೆ ಮಿಟುಕಿಸಿ ಉತ್ತರಿಸುತ್ತವೆ, ಹತ್ತಿರ ಬರಲೂ ಹೆಚ್ಚು ಒಪ್ಪುತ್ತವೆ ಎಂಬುದನ್ನು ಬ್ರಿಟನ್ನಿನ ಸಂಶೋಧಕರು 2020ರಲ್ಲಿ ಪ್ರಯೋಗಗಳಿಂದ ತೋರಿಸಿದ್ದಾರೆ. ಒಂದು ಭೇಟಿಯಲ್ಲಿ ಬೆಕ್ಕು ಅವರ ಚಪ್ಪಲಿ ಮೂಸಿ ಹೋದರೂ ಅದು ಒಳ್ಳೆಯ ಭೇಟಿಯೇ.

ಏಳನೆಯ ಹೆಜ್ಜೆ: ಸಾಗಿಸುವುದು, ನೆಲೆಗೊಳಿಸುವುದು

ಒಪ್ಪಂದವನ್ನು ಕಾಗದದ ಮೇಲೆ ಬರೆದು ಇಬ್ಬರೂ ಸಹಿ ಮಾಡಿ. ಬೆಕ್ಕನ್ನು ಬೇರೆಯವರಿಗೆ ದಾಟಿಸುವುದಿಲ್ಲ, ಸಾಕಲು ಆಗದಿದ್ದರೆ ನಿಮಗೇ ಮರಳಿಸುತ್ತಾರೆ ಎಂಬ ಎರಡು ಮಾತು ಅದರಲ್ಲಿ ಇರಲೇಬೇಕು. ಹಸಿವು ಬಾಯಾರಿಕೆಯಿಂದ ನರಳುವಂತೆ ಪ್ರಾಣಿಯನ್ನು ತೊರೆಯುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೆಯ ಸೆಕ್ಷನ್ ಪ್ರಕಾರ ಅಪರಾಧ ಎಂಬುದನ್ನೂ ಬರೆಯಬಹುದು. ಆದರೆ ಕಾಯ್ದೆಗಿಂತ ‘ಯಾವಾಗ ಬೇಕಾದರೂ ವಾಪಸ್ ತನ್ನಿ, ನಾನು ಕಾರಣ ಕೇಳುವುದಿಲ್ಲ’ ಎಂಬ ನಿಮ್ಮ ಮಾತೇ ಬೆಕ್ಕನ್ನು ಹೆಚ್ಚು ಕಾಪಾಡುತ್ತದೆ.

ಗೋಣಿಚೀಲ, ಟೇಪು ಸುತ್ತಿದ ರಟ್ಟಿನ ಡಬ್ಬ ಬೇಡ. ಗಟ್ಟಿ ಪ್ಲಾಸ್ಟಿಕ್ ಕ್ಯಾರಿಯರ್ ತಂದು ಒಂದು ವಾರ ಮೊದಲೇ ಬಾಗಿಲು ತೆರೆದಿಡಿ, ಒಳಗೆ ಊಟ ಇಡಿ. ಅದೇ ಒಳಹೋಗಿ ಮಲಗುವಂತಾಗಲಿ. ದೀಪಾವಳಿಯ ಪಟಾಕಿ ದಿನಗಳಲ್ಲಿ, ಹೊಸ ಮನೆಯಲ್ಲಿ ಸಮಾರಂಭವಿರುವ ವಾರದಲ್ಲಿ ಸಾಗಿಸಬೇಡಿ. ಬೆಕ್ಕಿನ ಜೊತೆ ಅದು ಮಲಗುತ್ತಿದ್ದ, ತೊಳೆಯದ ಬಟ್ಟೆ, ಅದೇ ಬಗೆಯ ಮರಳು, ಹದಿನೈದು ದಿನಕ್ಕಾಗುವಷ್ಟು ಅದೇ ಆಹಾರ ಹೋಗಲಿ.

ಹೊಸ ಮನೆಯಲ್ಲಿ ಮೊದಲು ಒಂದೇ ಕೋಣೆ. ಒಂದು ತುದಿಯಲ್ಲಿ ಊಟ, ನೀರು. ಇನ್ನೊಂದು ತುದಿಯಲ್ಲಿ ಮರಳಿನ ಟ್ರೇ. ಅಡಗಲು ಒಂದು ಪೆಟ್ಟಿಗೆ, ಹತ್ತಿ ಕೂರಲು ಒಂದು ಎತ್ತರದ ಜಾಗ. ಅಡಗಿದರೆ ಎಳೆಯಬಾರದು. ದಿನವೂ ಅದೇ ಹೊತ್ತಿಗೆ ಊಟ ಇಟ್ಟು, ಸ್ವಲ್ಪ ಹೊತ್ತು ಅಲ್ಲೇ ಕುಳಿತು ಪತ್ರಿಕೆ ಓದಿ ಎದ್ದು ಬರಬೇಕು, ಅಷ್ಟೇ. ಎರಡನೆಯ ದಿನವೂ ಏನೂ ತಿನ್ನದಿದ್ದರೆ ಪಶುವೈದ್ಯರಿಗೆ ತೋರಿಸಬೇಕು. ಉಪವಾಸವಿದ್ದ ಬೆಕ್ಕಿನ, ಅದರಲ್ಲೂ ದಪ್ಪಗಿರುವುದರ, ಯಕೃತ್ತಿನಲ್ಲಿ ಕೊಬ್ಬು ತುಂಬಿ ಪ್ರಾಣಕ್ಕೆ ಕುತ್ತು ಬರುತ್ತದೆ. ಗಂಡು ಬೆಕ್ಕು ಮರಳಿನ ಟ್ರೇಯಲ್ಲಿ ತಿಣುಕಿದರೂ ಮೂತ್ರ ಬಾರದಿದ್ದರೆ ಅದೇ ಗಳಿಗೆಯಲ್ಲಿ ಆಸ್ಪತ್ರೆಗೆ ಹೊರಡಬೇಕು. ಮನೆಯವರಿಗೆ ಕಡಿತವೋ ಪರಚುಗಾಯವೋ ಆದರೆ ಸೋಪು ಹಾಕಿ ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ತೊಳೆದು ವೈದ್ಯರನ್ನು ಕಾಣಲಿ, ಬೆಕ್ಕಿಗೆ ಲಸಿಕೆಯಾಗಿದ್ದರೂ ಸರಿ.

ಬೆಕ್ಕನ್ನು ಹೊಳೆಯಾಚೆ ಬಿಟ್ಟು ಬಂದರೂ ಮರಳಿತು ಎಂಬ ಕಥೆ ಪ್ರತಿ ಊರಿನಲ್ಲೂ ಇದೆ. ಹಳೆಯ ಜಾಗದ ಸೆಳೆತ ನಿಜವೇ. ಅದಕ್ಕಾಗಿಯೇ ತೋಟದ ಮನೆಯಲ್ಲಿ ಮೂರು ನಾಲ್ಕು ವಾರ ಒಳಗೇ ಇಟ್ಟು, ಊಟದ ಕರೆಗೆ ಬರುವುದನ್ನು ಕಲಿಸಿ, ಆಮೇಲೆ ಊಟಕ್ಕೆ ಸ್ವಲ್ಪ ಮೊದಲು ಹಸಿದಿರುವಾಗ ಬಾಗಿಲು ತೆರೆಯಬೇಕು. ನಡುವೆ ತಪ್ಪಿಸಿಕೊಂಡರೆ ಊರಿಡೀ ಅಲೆಯಬೇಡಿ. ಹೊಸ ಜಾಗದಲ್ಲಿ ಕಳೆದ ಬೆಕ್ಕು ಸಾಮಾನ್ಯವಾಗಿ ಎರಡು ಮೂರು ಮನೆಗಳ ಅಂತರದಲ್ಲಿ, ಕಾರಿನಡಿ, ಸೌದೆ ಒಟ್ಟಿದ ಮೂಲೆಯಲ್ಲಿ ಸದ್ದಿಲ್ಲದೆ ಕುಳಿತಿರುತ್ತದೆ. ಬೀದಿ ಮಲಗಿದ ಮೇಲೆ ಟಾರ್ಚು ಹಿಡಿದು, ಪರಿಚಿತ ಆಹಾರದ ಡಬ್ಬ ಅಲ್ಲಾಡಿಸುತ್ತಾ ಹುಡುಕಿ.

ಆಮೇಲಿನ ದಿನಗಳು

ಮೂರನೆಯ ದಿನ, ಮೂರನೆಯ ವಾರ, ಮೂರನೆಯ ತಿಂಗಳು ಈ ಮೂರು ಹೊತ್ತಿನಲ್ಲಿ ತಪ್ಪದೆ ಕರೆ ಮಾಡಿ. ‘ಬೆಕ್ಕು ಚೆನ್ನಾಗಿದೆಯಾ?’ ಎಂದು ಕೇಳದೆ ‘ಇವತ್ತು ಎಲ್ಲಿ ಮಲಗಿದೆ?’ ಎಂದು ಕೇಳಿ. ಉತ್ತರದಲ್ಲೇ ಎಲ್ಲವೂ ತಿಳಿಯುತ್ತದೆ. ಟ್ರೇಯ ಹೊರಗೆ ಗಲೀಜು ಮಾಡುತ್ತಿದೆ ಎಂದರೆ ಮೊದಲು ಮೂತ್ರಕೋಶದ ಪರೀಕ್ಷೆ, ಆಮೇಲೆ ಟ್ರೇಯ ಜಾಗ ಮತ್ತು ಮರಳಿನ ಬಗ್ಗೆ ವಿಚಾರ.

ಎಷ್ಟೆಲ್ಲ ನೋಡಿ ಕೊಟ್ಟರೂ ಕೆಲವು ಜೋಡಿಗಳು ಕೂಡುವುದಿಲ್ಲ. ಬೆಕ್ಕು ಮರಳಿ ಬಂದರೆ ಅವರನ್ನು ದೂರದೆ, ಅಲ್ಲಿ ಏನೇನಾಯಿತು ಎಂಬುದನ್ನು ಸಮಾಧಾನವಾಗಿ ಕೇಳಿ ಬರೆದುಕೊಳ್ಳಿ: ಯಾವ ಕೋಣೆ ಮೆಚ್ಚಿತು, ಯಾರನ್ನು ಕಂಡರೆ ಆಗಲಿಲ್ಲ, ರಾತ್ರಿ ಹೇಗಿತ್ತು. ಒಂದೆರಡು ವಾರ ಸುಧಾರಿಸಿಕೊಳ್ಳಲು ಬಿಟ್ಟು, ನೋಟ್‌ಬುಕ್ಕಿಗೆ ಹೊಸದಾಗಿ ಸೇರಿದ್ದನ್ನೂ ಪ್ರಕಟಣೆಯಲ್ಲಿ ಸೇರಿಸಿ, ಐದನೆಯ ಹೆಜ್ಜೆಯಿಂದ ಮತ್ತೆ ಶುರುಮಾಡಿ.